ಬಲಗಡೆಯ ಅಂಕಣ

ಪ್ಲಾಸ್ಟಿಕ್ಕಿನ ಮೇಣದಬತ್ತಿಗಳು ಒಟ್ಟು ನಲವತ್ತನಾಲ್ಕು, ಒಬ್ಬೊಬ್ಬರ ಮೇಜಿಗೆ ಎರಡರಂತೆ. ಪ್ರತಿ ಶುಕ್ರವಾರ ಬೆಳಿಗ್ಗೆ ಅವನ್ನು ರಟ್ಟಿನ ಪೆಟ್ಟಿಗೆಯಿಂದ ತೆಗೆದು, ಒದ್ದೆಬಟ್ಟೆಯಲ್ಲಿ ಒರೆಸಿ, ಬುಡ ತಿರುಗಿಸಿ ಉರಿಯುತ್ತದೆಯೋ ಇಲ್ಲವೋ ನೋಡಿ, ಉರಿಯದಿದ್ದರೆ ಸೆಲ್ಲು ಬದಲಿಸಿ ಸಾಲಾಗಿ ನಿಲ್ಲಿಸಬೇಕು. ಶುಕ್ರವಾರ ಸಂಜೆ ಶುರುವಾಗುವ ವಿಶ್ರಾಂತಿಯ ದಿನ ಸಬ್ಬತ್ತಿಗೆ ನಿಜವಾದ ಬೆಂಕಿಯೇ ಬೇಕು ಎಂದು ಹಠ ಹಿಡಿದಿದ್ದ ಮುದುಕಿಯರೂ ಈಗ ಈ ಹಳದಿ ಮಿಣುಕಿಗೆ ಒಗ್ಗಿಹೋಗಿದ್ದರು. ಪೆನೀನಾ ಒರೆಸಿ ಕೊಡುತ್ತಿದ್ದಳು, ಲಮೀಸ್ ತಿರುಗಿಸಿ ನೋಡುತ್ತಿದ್ದಳು. ಕಿಟಕಿಯ ಬೆಳಕು ನೇರ ಮೇಜಿನ ಮೇಲೇ ಬೀಳುತ್ತಿದ್ದುದರಿಂದ ಪ್ರತಿಸಲವೂ ಅಂಗೈ ಮರೆಮಾಡಿ ಒಳಗೆ ಇಣುಕಬೇಕಿತ್ತು. ಬೇರೆ ಶುಕ್ರವಾರಗಳಲ್ಲಿ ಈ ಹೊತ್ತಿಗೆ ಅವರಿಬ್ಬರ ಮಾತು ಅಡಿಗೆಮನೆಯವರೆಗೂ ಕೇಳುತ್ತಿತ್ತು. ಇವತ್ತು ಬಟ್ಟೆ ಹಿಂಡಿದ ಸದ್ದು, ಬುಡ ತಿರುಗಿಸಿದ ಕಟಕ್ ಸದ್ದು, ಅಷ್ಟೇ. ಹತ್ತೊಂಬತ್ತನೆಯದು ಉರಿಯಲಿಲ್ಲ. ಲಮೀಸ್ ಕೇಳದೆಯೇ ಸೆಲ್ಲಿನ ಡಬ್ಬಿಗೆ ಕೈ ಹಾಕಿದಳು, ಪೆನೀನಾ ಹೇಳದೆಯೇ ಡಬ್ಬಿಯನ್ನು ಅತ್ತ ಸರಿಸಿದಳು. ಈಗ ಕೇಳುತ್ತಾಳೆ ಎಂದುಕೊಂಡಳು ಪೆನೀನಾ. ಯಾಕೆ ಕಳಿಸಿದಿರಿ ಎಂದು ಈಗ ಕೇಳುತ್ತಾಳೆ. ಲಮೀಸ್ ಮುಚ್ಚಳ ಹಾಕಿ ಇಪ್ಪತ್ತನೆಯದನ್ನು ಎತ್ತಿಕೊಂಡಳು.

ಕಾಗದ ಬಂದದ್ದು ಬುಧವಾರ, ಇಬ್ಬರಿಗೂ ಒಂದೇ ದಿನ. ಪೆನೀನಾ ಈ ಯಹೂದಿ ವೃದ್ಧರ ಮನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಸಮಾಜಕಾರ್ಯಕರ್ತೆ, ವಿಶ್ವವಿದ್ಯಾಲಯ ಕ್ಷೇತ್ರಕಾರ್ಯಕ್ಕೆಂದು ಕಳಿಸುವ ವಿದ್ಯಾರ್ಥಿಗಳಿಗೆ ಮೇಲ್ವಿಚಾರಕಿ. ಲಮೀಸ್ ಕೊನೆಯ ವರ್ಷದ, ಕೊನೆಯ ಅವಧಿಯ ವಿದ್ಯಾರ್ಥಿನಿ. ಈ ಗಂಟೆಗಳು ಮುಗಿದರೆ ಅವಳ ನಾಲ್ಕು ವರ್ಷದ ಓದು ಮುಗಿಯುತ್ತಿತ್ತು. ಕಾಗದದಲ್ಲಿ ಇದ್ದದ್ದು ಇಷ್ಟು: ಅರ್ಧಾವಧಿ ವರದಿಯ ಜೊತೆ ಲಗತ್ತಿಸಿದ ಬರಹವೊಂದರಲ್ಲಿ ವಿದ್ಯಾರ್ಥಿನಿ ತನ್ನ ಆರೈಕೆಯಲ್ಲಿರುವ ಯಹೂದಿ ಗ್ರಾಹಕಿಯೊಬ್ಬರ ಬಗ್ಗೆ ದ್ವೇಷ ವ್ಯಕ್ತಪಡಿಸಿರುವುದು ಕಂಡುಬಂದಿದೆ, ಈ ವೃತ್ತಿಗೆ ಆಕೆ ತಕ್ಕವಳೋ ಅಲ್ಲವೋ ಎಂಬುದನ್ನು ಸಮಿತಿ ಪರಿಶೀಲಿಸುತ್ತದೆ, ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಇಬ್ಬರೂ ಹಾಜರಿರತಕ್ಕದ್ದು. ತಕ್ಕವಳಲ್ಲ ಎಂದು ಅವರು ಬರೆದರೆ ಮುಗಿಯಿತು, ಈ ದೇಶದ ಇನ್ನಾವ ವಿಶ್ವವಿದ್ಯಾಲಯವೂ ಅವಳನ್ನು ಈ ಓದಿಗೆ ಸೇರಿಸಿಕೊಳ್ಳುವುದಿಲ್ಲ. ಪೆನೀನಾ ಅದನ್ನು ಗೋದಾಮಿನಲ್ಲಿ, ಡೈಪರ್ ಕಟ್ಟುಗಳ ಮಧ್ಯೆ ನಿಂತು ಮೂರು ಸಲ ಓದಿದ್ದಳು. ಲಗತ್ತಿಸಿದ ಬರಹ ಎಂದಿತ್ತು. ಲಗತ್ತಿಸಿದವರು ಯಾರು ಎಂದು ಇರಲಿಲ್ಲ. ಅದನ್ನು ಕಂಡು ಒಂದು ಕ್ಷಣ ಆದ ಸಮಾಧಾನಕ್ಕೆ ಅವಳಿಗೆ ಆಮೇಲೆ ಎರಡು ದಿನ ನಾಚಿಕೆಯಾಯಿತು.

ಹಿಂದಿನ ವರ್ಷ ಒಬ್ಬ ವಿದ್ಯಾರ್ಥಿಯೂ ಬಂದಿರಲಿಲ್ಲ. ಮೂವರ ಹೆಸರು ಪಟ್ಟಿಯಲ್ಲಿತ್ತು, ಯುದ್ಧ ಶುರುವಾದ ಮೇಲೆ ಮೂರೂ ಹೋದವು. ಒಬ್ಬಳಿಗೆ ಟ್ರಾಮ್ ದೂರವಾಯಿತು. ಇನ್ನೊಬ್ಬನ ಮನಸ್ಸಿನ ಆರೋಗ್ಯ ಸರಿಯಿರಲಿಲ್ಲ. ಮೂರನೆಯವಳು ಮಾತ್ರ ನೆಟ್ಟಗೆ ಬರೆದಿದ್ದಳು, ಅಂಥ ಜಾಗದಲ್ಲಿ ಕೆಲಸ ಮಾಡಲು ನನ್ನ ಆತ್ಮಸಾಕ್ಷಿ ಒಪ್ಪುವುದಿಲ್ಲ ಎಂದು. ಕ್ಷೇತ್ರಕಾರ್ಯ ನೋಡಿಕೊಳ್ಳುವ ಬ್ರಾನ್ವಿನ್‌ಗೆ ಪೆನೀನಾ ಫೋನು ಮಾಡಿದಾಗ, ಯಾರನ್ನೂ ಬಲವಂತ ಮಾಡೋಕಾಗಲ್ಲ, ವಿದ್ಯಾರ್ಥಿಗಳ ಸುರಕ್ಷತೆಯನ್ನೂ ನೋಡಬೇಕು ಎಂದಿದ್ದಳು ಬ್ರಾನ್ವಿನ್. ಪೆನೀನಾ ಫೋನು ಹಿಡಿದೇ ಊಟದ ಕೋಣೆಯತ್ತ ನೋಡಿದಳು. ಮಿಸ್ಟರ್ ಪೆರ್ಲ್‌ಮಟರ್ ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು ಸೂಪಿಗಾಗಿ ಬಾಯಿ ತೆರೆದು ಕಾಯುತ್ತಿದ್ದರು. ಯಾರಿಂದ ಯಾರಿಗೆ ಸುರಕ್ಷತೆ ಎಂದು ಕೇಳಬೇಕೆನಿಸಿತು. ಆಯ್ತು ಎಂದಳು. ಎಲ್ಲದಕ್ಕೂ ಆಯ್ತು ಎನ್ನುವುದು ಅವಳಿಗೆ ಅಭ್ಯಾಸವಾಗಿತ್ತು. ಈ ವರ್ಷ ಪಟ್ಟಿಯಲ್ಲಿ ಒಂದೇ ಹೆಸರು. ನಿಮಗೆ ಪರವಾಗಿಲ್ಲವಾ ಎಂದು ಬ್ರಾನ್ವಿನ್ ಎರಡು ಸಲ ಕೇಳಿದಳು, ಆ ಹುಡುಗಿಯನ್ನೂ ಎರಡು ಸಲ ಕೇಳಿದ್ದಳಂತೆ. ಮೊದಲ ದಿನ ಲಮೀಸ್ ಕೋಟು ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತು, "ನಮ್ಮಜ್ಜಿ ಹೈಫಾದವರು. ಮೊದಲೇ ಹೇಳ್ಬಿಡೋಣ ಅಂತ," ಎಂದಿದ್ದಳು. "ನಮ್ಮಮ್ಮ ಲೋಡ್ಜ್‌ನವರು. ಟೀಗೆ ಹಾಲು ಹಾಕ್ಲಾ?" ಎಂದಿದ್ದಳು ಪೆನೀನಾ. ಹೈಫಾ ಬಿಟ್ಟು ಬಂದ ಅರಬರ ಮೊಮ್ಮಗಳು, ಲೋಡ್ಜ್ ಬಿಟ್ಟು ಬಂದ ಯಹೂದಿಯ ಮಗಳು, ಇಬ್ಬರಿಗೂ ನಗು ಬಂದಿತ್ತು. ಆ ನಗುವನ್ನು ಪೆನೀನಾ ಆಮೇಲೆ ಎಷ್ಟು ಜನರ ಮುಂದೆ ಹೇಳಿಕೊಂಡಿದ್ದಳು. ತಂಗಿಗೆ, ನೆರೆಯವಳಿಗೆ, ಕೊನೆಗೆ ಹಲ್ಲಿನ ಡಾಕ್ಟರಿಗೂ. ಹೇಳುವಾಗೆಲ್ಲ ಅದರಲ್ಲಿ ತನ್ನ ಪಾಲು ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತಿದ್ದುದು ಅವಳಿಗೇ ಗೊತ್ತಾಗುತ್ತಿತ್ತು.

ವಾಕರಿನ ಚಕ್ರ ಹೊಸ್ತಿಲಿಗೆ ತಗುಲಿದ ಸದ್ದಾಯಿತು. ಮಿಸೆಸ್ ಬ್ರೌಡೆ. ತೊಂಬತ್ತೊಂದು ವರ್ಷ. ವಾಕರಿನ ಬುಟ್ಟಿಯಲ್ಲಿ ಉಣ್ಣೆಯ ಉಂಡೆ, ಫೋನು, ಅರ್ಧ ತಿಂದ ಬಿಸ್ಕತ್ತು. ಮೇಜಿನ ತುದಿಗೆ ಬಂದು ಇಬ್ಬರ ಮುಖವನ್ನೂ ನೋಡಿದರು.

"ಯಾಕ್ರೇ ಇಬ್ರೂ ಮೂಗಿಯರ ಹಾಗೆ ಕೂತಿದೀರಿ? ಗಂಡಸರ ವಿಷಯವಾ?"

ಅಲ್ಲ ಎಂದು ಲಮೀಸ್ ನಕ್ಕಳು.

"ಹಾಗಾದ್ರೆ ಚಿಂತೆ ಮಾಡ್ಬೇಡಿ. ಉಳಿದದ್ದೆಲ್ಲಾ ವಾಸಿಯಾಗತ್ತೆ. ಸೋಮವಾರ ಬರ್ತೀಯಲ್ಲಾ, ಮೇಡೆಲೆ? ಅಷ್ಟೊತ್ತಿಗೆ ನನ್ನ ಮೊಮ್ಮಗನ ಕಾಗದ ಬಂದಿರತ್ತೆ."

ಮೇಡೆಲೆ ಎಂದರೆ ಅವರ ಯಿಡ್ಡಿಷ್ ಭಾಷೆಯಲ್ಲಿ ಪುಟ್ಟಿ ಎಂದ ಹಾಗೆ. ನೋಡ್ತೀನಿ ಎಂದಳು ಲಮೀಸ್. "ನೋಡೋದೇನು? ನೋಡ್ತೀನಿ ಅನ್ನೋರಿಗೆಲ್ಲಾ ಕಾಯೋ ವಯಸ್ಸಾ ನಂದು?" ಎನ್ನುತ್ತ ಮಿಸೆಸ್ ಬ್ರೌಡೆ ವಾಕರು ತಿರುಗಿಸಿದರು. ಸಮಿತಿಯ ಕಾಗದದಲ್ಲಿ ಅವರ ಹೆಸರು ಗ್ರಾಹಕಿ ಜಿ.ಬಿ. ಎಂದಾಗಿತ್ತು. ಅವರನ್ನೇ ಒಂದು ಮಾತು ಕೇಳಬಹುದಲ್ಲ ಎಂದು ಪೆನೀನಾ ಬ್ರಾನ್ವಿನ್‌ಗೆ ಸೂಚಿಸಿದ್ದಳು. ಅವರ ಮನಸ್ಸಿಗೆ ನೋವಾಗದಿರಲಿ ಎಂದು ಅವರಿಗೆ ತಿಳಿಸುವ ಹಾಗೇ ಇಲ್ಲವಂತೆ. ಹೀಗೆ ನೋವಾಗಿದೆ ಎಂದು ತೀರ್ಮಾನವಾದ ಮುದುಕಿ ಮಾತ್ರ ನೋವಿಲ್ಲದೆ ಕಾರಿಡಾರಿನಲ್ಲಿ ಯಾವುದೋ ಹಾಡು ಗುನುಗುತ್ತ ಹೋದರು.

ಎಡಗಡೆ ನಡೆದದ್ದು, ಬಲಗಡೆ ಅನಿಸಿದ್ದು. ಹಾಳೆಯ ನಡುವೆ ಒಂದು ಗೆರೆ ಎಳೆದುಕೋ. ಮೂವತ್ತು ವರ್ಷದ ಹಿಂದೆ ಪೆನೀನಾಳಿಗೆ ಅವಳ ಮೇಲ್ವಿಚಾರಕಿ ಹೀಗೇ ಹೇಳಿಕೊಟ್ಟಿದ್ದಳು, ಪೆನೀನಾಳೂ ತನ್ನ ಪ್ರತಿ ವಿದ್ಯಾರ್ಥಿಗೂ ಹೀಗೇ ಹೇಳಿದ್ದಳು. ಗ್ರಾಹಕರನ್ನು ಕಂಡು ಬಂದ ಮೇಲೆ ಅವರು ಏನು ಹೇಳಿದರು, ನೀನು ಏನು ಮಾಡಿದೆ, ಅದೆಲ್ಲಾ ಎಡಗಡೆ. ಆಗ ನಿನ್ನೊಳಗೆ ಏನು ಎದ್ದಿತು, ಅದು ಬಲಗಡೆ. ಅಸಹ್ಯವಾದರೂ ಸರಿ, ಬರಿ. ಬರೆಯದಿದ್ದರೆ ಅದು ನಿನ್ನ ಕೈಗೆ ಇಳಿಯುತ್ತದೆ, ಮಾತಿಗೆ ಇಳಿಯುತ್ತದೆ. ಎಡಗಡೆಯದಕ್ಕೆ ಅಂಕ. ಬಲಗಡೆಯದು ಈ ಕೋಣೆ ಬಿಟ್ಟು ಹೋಗಲ್ಲ. ಹೆಚ್ಚಿನವರು ಬಲಗಡೆ ಕರುಣೆ ಅನಿಸಿತು ಎಂದು ಬರೆದು ಮುಗಿಸುತ್ತಿದ್ದರು, ಪಾಪ ಅನಿಸಿತು, ನಮ್ಮಜ್ಜಿಯ ನೆನಪಾಯಿತು. ಲಮೀಸಳ ಬಲಗಡೆ ಮೊದಲ ತಿಂಗಳು ಖಾಲಿಯಿತ್ತು. ಖಾಲಿಯೂ ಒಂದು ಉತ್ತರವೇ ಎಂದು ಪೆನೀನಾ ಸುಮ್ಮನಿದ್ದಳು. ಐದನೇ ವಾರ ಲಮೀಸ್ ಹಾಳೆಯನ್ನು ಮೇಜಿನ ಮೇಲಿಟ್ಟು, ಓದಿ ಮುಗಿಯುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಆ ದಿನ ಮಿಸೆಸ್ ಬ್ರೌಡೆಯ ಮೊಮ್ಮಗ ಯುದ್ಧಕ್ಕೆ ಹೋದ ಸೈನ್ಯದಿಂದ ಸಂದೇಶ ಕಳಿಸಿದ್ದ. ಕಣ್ಣು ಮಂಜಾಗಿದ್ದುದರಿಂದ ಅವರು ಅದನ್ನು ಲಮೀಸಳಿಂದ ಓದಿಸಿಕೊಂಡಿದ್ದರು. ಅಜ್ಜಿ, ಬೂಟು ಕಚ್ಚುತ್ತಿದೆ, ಇನ್ನೆರಡು ಜೊತೆ ಕಾಲುಚೀಲ ಬೇಕು, ಊರಿನ ಅಂಚಿನಲ್ಲಿದ್ದೇವೆ. ಯಾವ ಊರು ಎಂದೂ ಇತ್ತು. ಲಮೀಸಳ ಅಮ್ಮನ ಸೋದರಮಾವನ ಮನೆಯವರು ಇದ್ದ ಊರು. ಬದುಕಿದ್ದಾರೋ ಇಲ್ಲವೋ ಎಂದು ಆರು ವಾರದಿಂದ ಗೊತ್ತಾಗದ ಊರು. ಎಡಗಡೆ ಅವಳು ಬರೆದಿದ್ದಳು: ಮಿಸೆಸ್ ಬ್ರೌಡೆ ಕೈ ಚಾಚಿದರು. ಹಿಡಿದುಕೊಂಡೆ. ಅವರಿಗೆ ನಿದ್ದೆ ಹತ್ತುವವರೆಗೆ, ಸುಮಾರು ಇಪ್ಪತ್ತು ನಿಮಿಷ, ಬಿಡಲಿಲ್ಲ. ಬಲಗಡೆ: ಇದು ಅವನಿಗೆ ಕಾಲುಚೀಲ ಹೆಣೆದ ಕೈ. ಒಂದು ಗಳಿಗೆ ಈ ಕೈಯನ್ನು ದ್ವೇಷಿಸಿದೆ. ಈ ಕೈಗೆ ಏನೂ ಗೊತ್ತಿಲ್ಲ ಎಂಬುದನ್ನೂ ದ್ವೇಷಿಸಿದೆ.

ಪೆನೀನಾ ಇದನ್ನು ಬರೆದದ್ದಕ್ಕೆ ಥ್ಯಾಂಕ್ಸ್ ಎಂದಳು. ದನಿ ಸರಿಯಾಗಿಯೇ ಇತ್ತು, ಮೂವತ್ತು ವರ್ಷ ಪಳಗಿದ ದನಿ. ಆಮೇಲೆ ಬಚ್ಚಲಿಗೆ ಹೋಗಿ ಬಿಸಿನೀರಿನಲ್ಲಿ ಕೈ ತೊಳೆದಳು, ಮತ್ತೆ ತೊಳೆದಳು. ಕನ್ನಡಿಯಲ್ಲಿ ಕಿವಿ ಕೆಂಪಗಿದ್ದವು. ಅವಳ ಅಮ್ಮನೂ ಹೆಣೆಯುತ್ತಿದ್ದಳು. ಹೆಣೆಯುವ ಮುದುಕಿಯ ಕೈಯನ್ನು ದ್ವೇಷಿಸಬಹುದು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹುಡುಗಿಯ ಮೇಲೆ ಸಿಟ್ಟು ಬಂತೋ, ಅಮ್ಮನ ಮೇಲೋ, ಅಂಥದ್ದನ್ನು ಬರೆಯಲು ಹೇಳಿಕೊಟ್ಟ ತನ್ನ ಮೇಲೋ, ತಿಳಿಯಲಿಲ್ಲ. ಮಾರನೆಯ ವಾರ ಅರ್ಧಾವಧಿ ವರದಿ. ಎಲ್ಲಾ ಚೌಕದಲ್ಲೂ ಅತ್ಯುತ್ತಮ ಎಂದು ಗುರುತು ಹಾಕಿದಳು. ಕೊನೆಯಲ್ಲಿ, ವಿದ್ಯಾರ್ಥಿಯ ಕೆಲಸದ ಒಂದು ಮಾದರಿಯನ್ನು ಲಗತ್ತಿಸಿ, ಎಂದಿತ್ತು. ಆರು ಬರಹಗಳಿದ್ದವು. ಅಡುಗೆಯವನ ದೂರು ಬಗೆಹರಿಸಿದ್ದು ಇತ್ತು, ಮಿಸ್ಟರ್ ಪೆರ್ಲ್‌ಮಟರ್ ಮಗಳ ಜೊತೆಗಿನ ಭೇಟಿ ಇತ್ತು. ಅವಳ ಬೆರಳು ಐದನೆಯದರ ಮೇಲೆ ನಿಂತಿತು.

ಹೆಮ್ಮೆಯಿಂದ ಕಳಿಸಿದೆ ಎಂದು ಎರಡು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಇಷ್ಟು ಧೈರ್ಯದ ಬರಹವನ್ನು ಹತ್ತು ವರ್ಷದಲ್ಲಿ ಕಂಡಿರಲಿಲ್ಲ, ಹಾಗಾಗಿ. ನಿಜವೇ ಇರಬಹುದು. ಆದರೆ ಮಾರ್ಚಿನಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಹೋಗಿದ್ದಳಲ್ಲ, ಮುದುಕರು ಹಳೆಯ ಭಯವನ್ನು ಮೈಯಲ್ಲಿ ಹೇಗೆ ಇಟ್ಟುಕೊಂಡಿರುತ್ತಾರೆ ಎಂದು ಪಾಠ ಮಾಡಲು. ಬಾಯಿ ತೆರೆಯುವ ಮುಂಚೆಯೇ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಬಹಳ ಮರ್ಯಾದೆಯಿಂದ ಕೇಳಿದ್ದ, ಶುರು ಮಾಡೋ ಮುಂಚೆ ನೀವು ಯಾವ ಕಡೆ ಅಂತ ಹೇಳ್ತೀರಾ, ಕೆಲವರಿಗೆ ಇಲ್ಲಿ ಕೂರಬೇಕೋ ಬೇಡವೋ ತಿಳೀಬೇಕು. ಎಲ್ಲಾ ಮಕ್ಕಳ ಸಾವೂ ಎಂದು ಏನೋ ಶುರು ಮಾಡಿದ್ದಳು, ವಾಕ್ಯ ಮುಗಿಯಲಿಲ್ಲ. ಇಬ್ಬರು ಎದ್ದು ಹೋದರು. ಬಾಗಿಲು ಬಡಿಯದ ಹಾಗೆ ಮೆಲ್ಲಗೆ ಎಳೆದುಕೊಂಡರು, ಅದೇ ಹೆಚ್ಚು ಚುಚ್ಚಿತು. ಅವಳ ಬದಲು ಪೋಲಿಷ್ ಮುದುಕಿಯೋ ಇಟಾಲಿಯನ್ ಮುದುಕಿಯೋ ಬಂದಿದ್ದರೆ ಯಾರೂ ಹಾಗೆ ಕೇಳುತ್ತಿರಲಿಲ್ಲ. ಅದಕ್ಕೇನು ಹೆಸರು ಎಂದು ವಿಶ್ವವಿದ್ಯಾಲಯದವರು ಒಂದು ವರ್ಷದಿಂದ ಸಭೆ ಮಾಡುತ್ತಿದ್ದರು. ಯಹೂದಿ ದ್ವೇಷ ಎಂದು ಯಾವುದನ್ನು ಕರೆಯಬಹುದು, ಯಾವುದನ್ನು ಕರೆಯಕೂಡದು ಎಂದು ಎರಡು ಕರಡು, ಎರಡು ಗುಂಪು, ಎರಡು ಸಹಿ ಪತ್ರ. ಪೆನೀನಾಗೆ ಆ ಹೊತ್ತು ಬೇಕಾಗಿದ್ದದ್ದು ಹೆಸರಲ್ಲ. ನೀನು ಒಳ್ಳೆಯವಳು ಎಂದು ಆ ಹುಡುಗ ಅನ್ನಬೇಕಿತ್ತು. ಹಾಗಾದರೆ ಐದನೆಯ ಹಾಳೆಯನ್ನು ಕಳಿಸಿದ್ದು ಅವನಿಗೇ ಅಲ್ಲವೇ? ನೋಡಿ, ಇದನ್ನೂ ಕೇಳಿಸಿಕೊಳ್ಳಬಲ್ಲೆ ನಾನು, ಇದಕ್ಕೂ ಅತ್ಯುತ್ತಮ ಎಂದು ಹಾಕಬಲ್ಲೆ. ಅಷ್ಟೇ ಆಗಿದ್ದರೆ ಸಾಕಿತ್ತು. ಅದರ ಅಡಿಯಲ್ಲಿ ಇನ್ನೊಂದಿತ್ತು, ತೆಳ್ಳಗೆ, ಮುಟ್ಟಿದರೆ ಜಾರುವಂಥದ್ದು. ಈ ಹುಡುಗಿ ಏನು ಬರೆದಿದ್ದಾಳೆ ನೋಡಿ ಎಂದು ಯಾರಿಗಾದರೂ ತೋರಿಸಬೇಕು ಎಂಬುದು. ತನಗಾದ ಉರಿಯನ್ನು ಇನ್ನೊಬ್ಬರು ನೋಡಲಿ ಎಂಬುದು. ಇದು ಎಷ್ಟು ಪಾಲು, ಅದು ಎಷ್ಟು ಪಾಲು ಎಂದು ಅಳೆಯಲು ಹೋದಾಗಲೆಲ್ಲ ಮನಸ್ಸು ಬೇರೆ ಕೆಲಸ ಹುಡುಕುತ್ತಿತ್ತು. ನಲವತ್ತನಾಲ್ಕನೆಯದನ್ನು ಒರೆಸಿ ಕೊಟ್ಟಳು. ಉರಿಯಿತು.

ಕಾರಿನಲ್ಲಿ ಬಾ, ಒಟ್ಟಿಗೇ ಹೋಗೋಣ ಎಂದಳು ಕೋಟು ಹಾಕಿಕೊಳ್ಳುತ್ತ. ಬೇಡ, ಟ್ರಾಮಿನಲ್ಲಿ ಬರುತ್ತೇನೆ ಎಂದಳು ಲಮೀಸ್, ಅಷ್ಟೇ ಮೃದುವಾಗಿ. ಹೊರಡುವಾಗ ಮ್ಯಾನೇಜರು ಪೆನೀನಾಳನ್ನು ಬದಿಗೆ ಕರೆದು, ಏನೇ ಆಗಲಿ ಬರವಣಿಗೆಯಲ್ಲಿ ನಮ್ಮ ಮನೆಯ ಹೆಸರು ಬರದ ಹಾಗೆ ನೋಡಿಕೋ ಎಂದ. ಮಕ್ಕಳು ಮೊಮ್ಮಕ್ಕಳೆಲ್ಲ ಫೋನು ಮಾಡಲು ಶುರು ಮಾಡಿದರೆ ಉತ್ತರ ಕೊಡುವವನು ತಾನು ಎಂದ. ಅವಳು ಆಯ್ತು ಎಂದಳು. ಆಮೇಲೆ ಕಾರಿನ ಕೀಲಿ ಕೈಯಲ್ಲಿದ್ದರೂ ಯಾಕೋ ಅದನ್ನು ಚೀಲಕ್ಕೆ ಹಾಕಿ ಕಾರ್ಲೈಲ್ ಬೀದಿಯ ಕಡೆ ನಡೆದಳು. ಬೇಕರಿಯ ಮುಂದೆ ಸಬ್ಬತ್ತಿಗೆಂದು ಜಡೆಯಂತೆ ಹೆಣೆದ ಬ್ರೆಡ್ಡಿಗೆ ಜನ ಸಾಲು ನಿಂತಿದ್ದರು. ನಿಲ್ದಾಣದಲ್ಲಿ ಲಮೀಸ್ ಇದ್ದಳು. ಈಗ ಹಿಂದಿರುಗಿದರೆ ಅಸಹ್ಯ, ಹತ್ತಿರ ಹೋದರೆ ಬೆನ್ನು ಹತ್ತಿದಂತೆ. ಎರಡೂ ಮಾಡದೆ ವೇಳಾಪಟ್ಟಿ ಓದುವವಳಂತೆ ನಿಂತಳು. ಟ್ರಾಮಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಲಮೀಸ್ ಬಾಗಿಲ ಬಳಿ ಕಂಬ ಹಿಡಿದು ನಿಂತಿದ್ದಳು. ನಾಲ್ಕು ನಿಲ್ದಾಣ ಕಳೆದ ಮೇಲೆ ಅವಳೇ ಬಂದು ಕೂತಳು.

"ಶುಕ್ರವಾರ ಮಧ್ಯಾಹ್ನ," ಎಂದಳು ಎದುರಿಗೆ ನೋಡುತ್ತ. "ನಿಮಗೆ ಸಬ್ಬತ್ತು, ನಮ್ಮಪ್ಪಂಗೆ ನಮಾಜು. ಯೋಚನೆ ಮಾಡಿ ಇಬ್ರಿಗೂ ಆಗದ ದಿನಾನೇ ಹುಡುಕಿದಾರೆ."

ಪೆನೀನಾ ಅಗತ್ಯಕ್ಕಿಂತ ಜೋರಾಗಿ ನಕ್ಕಳು. ನಕ್ಕು ಮುಗಿದ ಮೇಲೆ ಉಂಟಾದ ಜಾಗದಲ್ಲಿ ಹೇಳಿಬಿಡಬಹುದಿತ್ತು. ಬಾಯಿಯಲ್ಲಿ ಮಾತು ಇತ್ತು. ಮುಂದಿನ ಸೀಟಿನ ಹೆಂಗಸು ಮಗುವಿನ ಮೂಗು ಒರೆಸುತ್ತಿದ್ದಳು. ಪೆನೀನಾ ಅದನ್ನು ನೋಡಿದಳು, ಆಮೇಲೆ ಕಿಟಕಿಯನ್ನು, ಆಮೇಲೆ ತನ್ನ ಕೈಗವಸನ್ನು. ಮನೆಯಲ್ಲಿ ಏನಂತಾರೆ ಎಂದು ಕೇಳಿದಳು ಕೊನೆಗೆ. ಅಮ್ಮನಿಗೆ ಹೇಳಿಲ್ಲ ಎಂದಳು ಲಮೀಸ್. ಹೇಳಿದರೆ, ಅಲ್ಲಿಗೆ ಹೋಗಬೇಡ ಅಂದಿದ್ದೆನಲ್ಲ ಎನ್ನುತ್ತಾರೆ. ಇನ್ನು ಕಾಲೇಜಿನಲ್ಲಿ ಗೆಳೆಯರು ತನ್ನ ಪರವಾಗಿ ಒಂದು ಪತ್ರ ಮಾಡಿ ಮುನ್ನೂರು ಸಹಿ ಹಾಕಿಸಿದ್ದಾರೆ, ತನ್ನನ್ನು ಕೇಳದೆ. ಅದರಲ್ಲಿ ಆ ವೃದ್ಧರ ಮನೆಯಲ್ಲಿ ತನಗೆ ಹಿಂಸೆ ಕೊಟ್ಟರು ಎಂದು ಬರೆದಿದ್ದಾರೆ. ಹಾಗೇನಿಲ್ಲ ಎಂದು ಹೇಳಲು ಹೋದರೆ ಹೆದರಿದ್ದೀಯಾ ಎನ್ನುತ್ತಾರೆ. ಕೇಳದೆ ಎಂಬ ಪದ ಬಂದಾಗ ಪೆನೀನಾ ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡಳು. ಲಮೀಸ್ ಅದನ್ನು ಬೇಕೆಂದೇ ಹೇಳಿದಳೋ ಇಲ್ಲವೋ ಎಂದು ಮುಂದಿನ ಐದು ನಿಲ್ದಾಣವೂ ಯೋಚಿಸಿದಳು.

ವಿಶ್ವವಿದ್ಯಾಲಯದ ಮೂರನೆಯ ಮಹಡಿಯ ಕಾರಿಡಾರಿನಲ್ಲಿ ಯೇಲ್ ಲಾಂಡೌ ಕಾಫಿ ಯಂತ್ರದ ಮುಂದೆ ನಿಂತಿದ್ದಳು. ಸಮಾಜಕಾರ್ಯ ವಿಭಾಗದ ಉಪನ್ಯಾಸಕಿ, ಸಮಿತಿಯ ಮೂವರಲ್ಲಿ ಒಬ್ಬಳು. ಪೆನೀನಾಳ ತಂಗಿಯ ಜೊತೆ ಯಹೂದಿ ಶಾಲೆಗೆ ಹೋದವಳು, ಹಬ್ಬಕ್ಕೆ ಮನೆಗೆ ಬಂದವಳು. ಅವಳ ಕೋಣೆಯ ಬಾಗಿಲ ಮೇಲೆ ಏನನ್ನೋ ಅಂಟಿಸಿ ಕೆರೆದು ತೆಗೆದ ಗುರುತು ಇನ್ನೂ ಇತ್ತು. ಚಳಿಗಾಲದ ಮೊದಲು ಅವಳ ತರಗತಿಯಿಂದ ಅರ್ಧ ಜನ ಎದ್ದು ಹೋಗಿದ್ದರು. ವಿಭಾಗದವರು ಯಾರೂ ಒಂದು ಮಾತು ಕೇಳಿರಲಿಲ್ಲವಂತೆ. ಲಮೀಸ್ ನೀರು ಕುಡಿಯಲು ಆಚೆ ಹೋದಾಗ ಯೇಲ್ ಹತ್ತಿರ ಬಂದಳು.

"ನಿನ್ನನ್ನ ಗಾಜಿನ ಪೆಟ್ಟಿಗೇಲಿ ಇಡ್ತಾರೆ ಕಣೇ ಇವರು. ಒಳ್ಳೆ ಯಹೂದಿ, ಮುಟ್ಟಬೇಡಿ ಅಂತ ಚೀಟಿ ಹಚ್ಚಿ. ದ್ವೇಷಿಸಿದೆ ಅಂತ ಬರೆದ್ರೂ ಅತ್ಯುತ್ತಮ ಅಂತ ಕೊಟ್ಟಿದೀಯಲ್ಲ."

ನೀನು ಪೂರ್ತಿ ಓದಿದೆಯಾ ಎಂದಳು ಪೆನೀನಾ. ಓದಿದೆ, ನಾಲ್ಕು ಸಲ, ಎಂದಳು ಯೇಲ್. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವಳನ್ನು ಬೈಯಬೇಕೆಂದಿದ್ದ ಪೆನೀನಾಗೆ ಆ ಕಪ್ಪು ಕಂಡು ಬೈಯಲಾಗಲಿಲ್ಲ. ತನಗೆ ಮಾರ್ಚಿನಲ್ಲಿ ಸಿಗದಿದ್ದ ಸಿಟ್ಟನ್ನೇ ಇವಳು ತನ್ನ ಪರವಾಗಿ ಹೊತ್ತು ತಿರುಗುತ್ತಿದ್ದಾಳೆ ಎನಿಸಿತು. ಆ ಸಿಟ್ಟಿಗೆ ವಿಳಾಸ ಕೊಟ್ಟದ್ದೂ ತಾನೇ.

ಒಳಗೆ ಉದ್ದನೆಯ ಮೇಜು. ಅಧ್ಯಕ್ಷತೆಗೆ ಪ್ರೊಫೆಸರ್ ಕೀತ್ ಮರ್ಚಿಸನ್, ಯಾರ ಮನಸ್ಸೂ ನೋಯದಂತೆ ಮಾತಾಡಿ ಮಾತಾಡಿ ಮುಖವೇ ನುಣ್ಣಗಾದಂತಿದ್ದ ಮನುಷ್ಯ. ಬರೆದುಕೊಳ್ಳಲು ಬ್ರಾನ್ವಿನ್. ಪಕ್ಕದಲ್ಲಿ ಯೇಲ್. ಈ ಕಡೆ ಪೆನೀನಾ, ಒಂದು ಕುರ್ಚಿ ಬಿಟ್ಟು ಲಮೀಸ್. ಇಲ್ಲಿನ ಎಲ್ಲ ಸಭೆಗಳಂತೆ ಮೊದಲು ಈ ನೆಲದ ಮೂಲನಿವಾಸಿ ಒಡೆಯರಿಗೆ ಗೌರವ ಸಲ್ಲಿಸುವ ಮಾತನ್ನು ಕೀತ್ ಹೇಳಿ ಮುಗಿಸಿದ. ಇದು ವಿಚಾರಣೆಯಲ್ಲ, ಸಂವಾದ ಎಂದ. ಪೆನೀನಾಳ ಮುಂದೆ ಆ ಹಾಳೆಯ ಪ್ರತಿಯಿತ್ತು. ಬಲಗಡೆಯ ಮೂರು ವಾಕ್ಯಗಳ ಮೇಲೆ ಹಳದಿ ಬಣ್ಣ ಎಳೆದಿದ್ದರು. ಮೂವರ ಮುಂದೆಯೂ ಒಂದೊಂದು ಪ್ರತಿ. ಲಮೀಸಳ ಮುಂದೆ ಮಾತ್ರ ಇರಲಿಲ್ಲ. ಬರೆದವಳಿಗೆ ಗೊತ್ತೇ ಇರುತ್ತದೆ ಎಂದು ಬಿಟ್ಟಿದ್ದರೇನೋ. ಅವಳದೇ ಕೈಬರಹ ಅಷ್ಟು ಜನರ ಮುಂದೆ ಬಿದ್ದಿರುವುದನ್ನು ಪೆನೀನಾ ನೋಡಿದಳು. ಲಮೀಸ್ ಎಂಬಲ್ಲಿ ಕೊನೆಯ ಅಕ್ಷರಕ್ಕೆ ಒಂದು ಸಣ್ಣ ಬಾಲ ಎಳೆಯುವುದು ಅವಳ ಅಭ್ಯಾಸ.

ಯೇಲ್ ಮೊದಲು ಮಾತಾಡಿದಳು. ತಾನು ಯಾರನ್ನೂ ಹಾಳು ಮಾಡಲು ಇಲ್ಲಿ ಕೂತಿಲ್ಲ ಎಂದಳು. ಆದರೆ ಈ ಹುಡುಗಿ ನಾಳೆ ನಮ್ಮ ಅಜ್ಜಿಯಂದಿರ ಹಾಸಿಗೆಯ ಪಕ್ಕದಲ್ಲಿ ಒಬ್ಬಳೇ ಕೂರುವವಳು, ದ್ವೇಷ ಎಂಬ ಪದವನ್ನು ಅವಳೇ ಬರೆದದ್ದು, ತಾನು ಸೇರಿಸಿದ್ದಲ್ಲ. ಬೇರೆ ಯಾವ ಜನಾಂಗದ ಮುದುಕಿಯ ಬಗ್ಗೆ ಹೀಗೆ ಬರೆದಿದ್ದರೂ ಈ ವಿಭಾಗ ಒಂದು ದಿನ ಕಾಯುತ್ತಿತ್ತೇ, ಹೇಳಿ ಎಂದಳು. ಅದೂ ಸರಿಯೇ ಎನಿಸಿತು ಪೆನೀನಾಗೆ. ಅವಳು ತನ್ನ ಸರದಿ ಬಂದಾಗ ಎಡಗಡೆಯ ಸಾಲನ್ನು ಗಟ್ಟಿಯಾಗಿ ಓದಿದಳು, ಇಪ್ಪತ್ತು ನಿಮಿಷ ಬಿಡಲಿಲ್ಲ ಎಂಬುದನ್ನು ಎರಡು ಸಲ. ಎಡಗಡೆಯ ಬಗ್ಗೆ ಯಾರ ತಕರಾರೂ ಇಲ್ಲ ಎಂದ ಕೀತ್. ಆಮೇಲೆ ಲಮೀಸಳತ್ತ ತಿರುಗಿ, ಆ ವಾಕ್ಯಗಳನ್ನು ಈಗ ಹಿಂತೆಗೆದುಕೊಳ್ಳಲು ಇಷ್ಟವಿದೆಯೇ ಎಂದು ಕೇಳಿದ. ಹೂಂ ಅಂದುಬಿಡು, ಎಂದು ಪೆನೀನಾ ಮೇಜಿನ ಕೆಳಗೆ ಬೆರಳು ಹಿಸುಕಿಕೊಂಡಳು.

"ಆಗ ಅನಿಸಿದ್ದು ಬರೆದೆ," ಎಂದಳು ಲಮೀಸ್. "ಈಗ ಅನಿಸಿರಲಿಲ್ಲ ಅಂದ್ರೆ ಸುಳ್ಳಾಗತ್ತೆ. ಬರೆದ ಮೇಲೆ ಅದು ಕಮ್ಮಿ ಆಯ್ತು. ಬರೆಯೋದು ಅದಕ್ಕೇ ಅಂತ ಹೇಳಿಕೊಟ್ಟಿದ್ರು."

ಯಾರು ಹೇಳಿಕೊಟ್ಟರು ಎಂದು ಅವಳು ಹೇಳಲಿಲ್ಲ. ಪೆನೀನಾಳತ್ತ ನೋಡಲೂ ಇಲ್ಲ. ಕೀತ್ ಹಾಳೆ ತಿರುವಿ, ಒಂದು ಸಣ್ಣ ವಿಷಯ ಎಂದ. ಈ ಬರಹ ವರದಿಯ ಜೊತೆ ಬಂದಿದೆ, ವಿದ್ಯಾರ್ಥಿನಿಯ ಒಪ್ಪಿಗೆ ಪಡೆದಿರಬಹುದು ಎಂದುಕೊಂಡಿದ್ದೇನೆ. ಬ್ರಾನ್ವಿನ್ ಬೆರಳುಗಳು ಕೀಲಿಗಳ ಮೇಲೆ ಕಾಯುತ್ತಿದ್ದವು. ಹೌದು ಎಂದರೆ ಸಾಕಿತ್ತು. ಲಮೀಸ್ ಅಲ್ಲ ಎನ್ನುತ್ತಿರಲಿಲ್ಲ ಎಂಬುದು ಪೆನೀನಾಗೆ ಹೇಗೋ ಖಚಿತವಾಗಿ ಗೊತ್ತಿತ್ತು.

"ಒಪ್ಪಿಗೆಯ ಪ್ರಕ್ರಿಯೆಯಲ್ಲಿ ಒಂದು ಅಂತರ ಉಂಟಾಗಿತ್ತು," ಎಂದಳು.

ಬ್ರಾನ್ವಿನ್ ಅದನ್ನು ಹಾಗೇ ಬರೆದುಕೊಂಡಳು. ಕೀತ್ ಅರ್ಥವಾಯಿತು ಎಂಬಂತೆ ತಲೆಯಾಡಿಸಿದ, ಇಂಥ ವಾಕ್ಯಗಳನ್ನು ಕೇಳಿಯೇ ಅವನ ಕೂದಲು ಬೆಳ್ಳಗಾಗಿತ್ತು. ಆಗ ಲಮೀಸ್ ತಿರುಗಿ ನೋಡಿದಳು. ಬೆಳಗಿನಿಂದ ಮೊದಲ ಸಲ ನೆಟ್ಟಗೆ ನೋಡಿದ್ದು. ಸಿಟ್ಟಿರಲಿಲ್ಲ ಅದರಲ್ಲಿ, ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಮುದುಕರು ಮೂತ್ರ ಹೋಯಿತು ಎನ್ನಲು ನಾಚಿ ಏನೇನೋ ಸುತ್ತಿ ಹೇಳುವಾಗ, ಪರವಾಗಿಲ್ಲ, ನಿಧಾನವಾಗಿ ಹೇಳಿ ಎಂದು ಕಾಯುವ ನೋಟ. ಪೆನೀನಾಳೇ ಅವಳಿಗೆ ಕಲಿಸಿದ ನೋಟ.

"ಅಂತರ ಅಲ್ಲ," ಎಂದಳು ಪೆನೀನಾ. "ಅದನ್ನ ಅಳಿಸು ಬ್ರಾನ್ವಿನ್. ನಾನು ಕೇಳಲೇ ಇಲ್ಲ. ಬಲಗಡೆ ಬರೆದದ್ದು ನಮ್ಮ ಕೋಣೆ ಬಿಟ್ಟು ಹೋಗಲ್ಲ ಅಂತ ಮಾತು ಕೊಟ್ಟಿದ್ದೆ. ಮಾತು ಕೊಟ್ಟು, ಅವಳಿಗೆ ಗೊತ್ತಿಲ್ಲದ ಹಾಗೆ ಕಳಿಸಿದೆ. ನೀವೆಲ್ಲಾ ನನ್ನ ಒಳ್ಳೆಯವಳು ಅನ್ಲಿ ಅಂತ."

ಇನ್ನೂ ಒಂದು ಇತ್ತು, ಆ ತೆಳ್ಳಗಿನದು. ಅದಕ್ಕೆ ಬಾಯಿ ತೆರೆದಳು, ಅದು ಬರಲಿಲ್ಲ. ಯೇಲ್ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಮಲಗಿಸಿದಳು. ಆಮೇಲೆ ಕೀತ್ ಗಂಟಲು ಸರಿಮಾಡಿಕೊಂಡು, ಇಷ್ಟು ಪ್ರಾಮಾಣಿಕವಾಗಿ ಹಂಚಿಕೊಂಡದ್ದಕ್ಕೆ ವಂದನೆ ಎಂದ. ಇದು ಗಂಭೀರವಾದ ವಿಷಯ, ಆದರೆ ಬೇರೆ ವಿಷಯ. ಮೇಲ್ವಿಚಾರಕಿಯ ನಡತೆಯ ಬಗ್ಗೆ ವೃತ್ತಿ ಸಂಘಕ್ಕೆ ಬೇರೆಯೇ ಪತ್ರ ಹೋಗಬೇಕಾಗುತ್ತದೆ, ಅದು ಅವಳಿಗೂ ಗೊತ್ತಿರುವುದೇ. ಈ ಸಮಿತಿಯ ಮುಂದಿರುವುದು ಬರಹದಲ್ಲಿ ಏನಿದೆ ಎಂಬುದು, ಅದು ಹೇಗೆ ಬಂತು ಎಂಬುದಲ್ಲ. ಬಂದದ್ದನ್ನು ಈಗ ಓದಿಲ್ಲ ಎನ್ನಲಾಗುವುದಿಲ್ಲವಲ್ಲ. ತೀರ್ಮಾನವನ್ನು ಹತ್ತು ದಿನದೊಳಗೆ ಬರಹದಲ್ಲಿ ತಿಳಿಸುತ್ತೇವೆ, ಅಲ್ಲಿಯವರೆಗೆ ಕ್ಷೇತ್ರಕಾರ್ಯ ನಿಲ್ಲಿಸತಕ್ಕದ್ದು. ಲಮೀಸ್ ಸರಿ ಎಂದಳು. ಅಷ್ಟೇ ಅಂದಳು. ಬ್ರಾನ್ವಿನ್ ಅದನ್ನೂ ಬರೆದುಕೊಂಡಳು.

ನಾನು ನಿಜ ಹೇಳಿದೆನಲ್ಲ, ಎಂದು ಪೆನೀನಾಳ ಒಳಗೆ ಏನೋ ಮಗುವಿನ ಹಾಗೆ ಅತ್ತಿತ್ತ ನೋಡುತ್ತಿತ್ತು, ಯಾರಾದರೂ ಬೆನ್ನು ತಟ್ಟಬಹುದೇ ಎಂದು. ಅದನ್ನು ಗುರುತಿಸಿ ಅವಳಿಗೆ ಹೇಸಿಗೆಯಾಯಿತು. ಕುರ್ಚಿ ಎಳೆಯುವ ಸದ್ದು ಶುರುವಾಗಿತ್ತು. ಯೇಲ್ ತನ್ನ ಪ್ರತಿಯನ್ನು ಎರಡಾಗಿ ಮಡಿಸಿ ಚೀಲದ ಬಾಯಿ ತೆರೆದಳು. ಕೀತ್ ತನ್ನದನ್ನು ಕಡತದೊಳಗೆ ತೂರಿಸುತ್ತಿದ್ದ, ಹಳದಿ ಗೆರೆಯ ತುದಿ ಹೊರಗೇ ಉಳಿದಿತ್ತು. ಬ್ರಾನ್ವಿನ್ ತನ್ನದರ ಮೇಲೆ ಕಾಫಿ ಲೋಟ ಇಟ್ಟಿದ್ದಳು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು. ಇವು ಈ ಕಟ್ಟಡದಲ್ಲಿ ಯಾವ ಯಾವ ಕಪಾಟಿನಲ್ಲಿ ಎಷ್ಟು ವರ್ಷ ಇರುತ್ತವೋ. ಪೆನೀನಾ ತನ್ನ ಮುಂದಿದ್ದ ಪ್ರತಿಯನ್ನು ಖಾಲಿ ಕುರ್ಚಿಯ ಆಚೆಗೆ, ಲಮೀಸಳ ಮುಂದಕ್ಕೆ ಸರಿಸಿದಳು. ಲಮೀಸ್ ಅದನ್ನು ಮುಟ್ಟಲಿಲ್ಲ.

"ಅವಳ ಹಾಳೆಗಳನ್ನ ಅವಳಿಗೆ ವಾಪಸ್ ಕೊಡಿ," ಎಂದಳು ಪೆನೀನಾ.

ಕೀತ್ ಬ್ರಾನ್ವಿನ್‌ಳ ಮುಖ ನೋಡಿದ. ಬ್ರಾನ್ವಿನ್ ಪರದೆಯನ್ನು ನೋಡಿದಳು, ಇದನ್ನು ಬರೆದುಕೊಳ್ಳಬೇಕೋ ಬೇಡವೋ ಎಂಬಂತೆ. ಯೇಲ್‌ಳ ಕೈ ಚೀಲದೊಳಗೇ ನಿಂತಿತ್ತು.

"ಕೊಡಿ," ಎಂದಳು ಪೆನೀನಾ ಇನ್ನೊಮ್ಮೆ.